ಕಿವಿಯಪ್ಪನ ಗಾಜಿನ ಪೆಟ್ಟಿಗೆ

ಲೋಕದಲ್ಲಿ ಬಾಯಿ ಇದ್ದವರು ಬಹಳ, ಕಿವಿ ಇದ್ದವರು ಕಡಿಮೆ ಎಂಬುದು ಕಿವಿಯಪ್ಪನ ಖಚಿತ ಅಭಿಪ್ರಾಯ. ಈ ಅಭಿಪ್ರಾಯದಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು. ಪೇಟೆಬೀದಿಯ ತಿರುವಿನಲ್ಲಿ, ಕನ್ನಡಕದಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಅವನ ಅಂಗಡಿ. ಜನರ ಕಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಮೆಷಿನ್ ಕೂರಿಸಿ ಕಳಿಸುವುದು ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ನಿಂತದ್ದು ಬೀದಿಯವರು ಇಟ್ಟ ಹೆಸರು.

ಅಂಗಡಿಯ ಹಿಂಭಾಗದಲ್ಲಿ ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ ಇತ್ತು. ಒಬ್ಬರು ಸ್ಟೂಲಿನ ಮೇಲೆ ಕೂತರೆ ಮೊಣಕಾಲು ಗೋಡೆಗೆ ತಾಗಬೇಕು, ಅಷ್ಟೇ ಜಾಗ. ಗೋಡೆಗೆಲ್ಲ ಮೆತ್ತೆ. ಬಾಗಿಲು ಹಾಕಿದರೆ ಬೀದಿಯ ಗದ್ದಲ ಕತ್ತರಿಸಿ ಇಟ್ಟಂತೆ ನಿಂತುಹೋಗುತ್ತಿತ್ತು. ಒಳಗೆ ಕೂತವರಿಗೆ ತಾವು ಉಗುಳು ನುಂಗಿದ್ದೇ ದೊಡ್ಡ ಸುದ್ದಿಯಾಗಿ ಕೇಳುತ್ತಿತ್ತು. ಬಂದವರನ್ನು ಅದರಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟು, "ಶಬ್ದ ಕೇಳಿದ ಕೂಡಲೇ ಒತ್ತಿ" ಎನ್ನುವುದು. ಹೊರಗೆ ಯಂತ್ರದ ಮುಂದೆ ಕೂತು ಒಂದೊಂದೇ ಸ್ವರ ಕಳಿಸುವುದು, ಕೆಂಪು ದೀಪ ಹತ್ತಿತೋ ಇಲ್ಲವೋ ನೋಡುವುದು. ಈ ವಿದ್ಯೆಯಲ್ಲಿ ಕಿವಿಯಪ್ಪನ ಬೆರಳಿಗೆ ಕೆಲಸವಿತ್ತು, ಕಣ್ಣಿಗೆ ಕೆಲಸವಿತ್ತು. ಕಿವಿಗೆ ಮಾತ್ರ ಇರಲಿಲ್ಲ. ಇದನ್ನು ಯಾರೂ ಗಮನಿಸಿರಲಿಲ್ಲ. ಅವನಂತೂ ಗಮನಿಸಿರಲೇ ಇಲ್ಲ.

ಇತ್ತೀಚೆಗೆ ಜನ ಬಾಯೊಳಗೇ ಮಾತಾಡುತ್ತಾರೆ ಎಂಬುದು ಅವನ ಇನ್ನೊಂದು ಅಭಿಪ್ರಾಯ. ಮನೆಯ ಕರೆಗಂಟೆ ಕೆಟ್ಟು ಯಾವ ಕಾಲವಾಯಿತೋ ಎಂಬುದು ಮತ್ತೊಂದು. ಬಾಗಿಲಲ್ಲಿ ಯಾರಾದರೂ ನಿಂತಾಗಲೆಲ್ಲ ಹೆಂಡತಿ ತಾನಾಗಿಯೇ ಹೋಗಿ ಚಿಲಕ ತೆಗೆಯುತ್ತಿದ್ದಳು. ಅದನ್ನವನು ಹೆಂಗಸರಿಗೆ ದೇವರು ಕೊಟ್ಟ ವಿಶೇಷ ಶಕ್ತಿ ಎಂದು ನಂಬಿದ್ದ.

ಹೀಗೆ ಸುಖವಾಗಿದ್ದವನು ಒಂದು ದಿನ ಮಗಳ ಶಾಲೆಯ ಪೋಷಕರ ಸಭೆಗೆ ಹೋದ.

ಸಂಗೀತದ ಮೇಷ್ಟ್ರು ತೆಳ್ಳಗಿನ ಮನುಷ್ಯ. ಎದುರಿಗಿದ್ದವರು ಮಾತಾಡುವುದೂ ಶ್ರುತಿ ತಪ್ಪಿಯೇ ಎಂಬಂತೆ ಮುಖವನ್ನು ಸದಾ ಒಂಚೂರು ಕಿವುಚಿಕೊಂಡಿರುವವರು. "ಈ ಸಲ ಕೇಳುವ ಪರೀಕ್ಷೆ ಇದೆ," ಎಂದರು. "ಹಾಡೋದಲ್ಲ, ಕೇಳೋದು. ನಾವೊಂದು ತುಣುಕು ಹಾಕ್ತೀವಿ. ಅದರ ನೇಯ್ಗೆ ಯಾವುದು ಅಂತ ಮಕ್ಕಳು ಹೇಳಬೇಕು. ಒಬ್ಬರೇ ಹಾಡಿದರೆ ಅದು ಒಂಟಿ ಎಳೆ. ಒಬ್ಬರು ಮುಂದೆ ಹಾಡಿ, ಉಳಿದವರು ಹಿಂದೆ ನಿಂತು ಕೈ ಹಿಡಿದರೆ ಆಸರೆ. ಎರಡು ಮೂರು ರಾಗ ತಮ್ಮ ಪಾಡಿಗೆ ತಾವು ನಡೀತಾ ಒಂದರೊಳಗೊಂದು ಹೆಣೆದುಕೊಂಡರೆ ಜಡೆ. ಎಲ್ಲರೂ ಒಂದೇ ರಾಗ ಹಿಡಿದು, ಒಬ್ಬರಿಗಿಂತ ಒಬ್ಬರು ಒಂಚೂರು ಹಿಂದೆ ಮುಂದೆ, ಒಂಚೂರು ಕೊಂಕಿಸಿ ಹಾಡಿದರೆ ನೆರಳು. ಇಷ್ಟೇ. ಇದರಲ್ಲಿ ಪಾಸಾಗದವರನ್ನ ಗಾಯನ ತಂಡಕ್ಕೆ ತಗೊಳ್ಳಲ್ಲ. ಪಕ್ಕದವರನ್ನ ಕೇಳಿಸಿಕೊಳ್ಳದೆ ಹಾಡೋರು ನನಗೆ ಬೇಡ."

ಮಗಳು ಎರಡು ವರ್ಷದಿಂದ ಆ ತಂಡದ ಬಾಗಿಲಲ್ಲೇ ಜೀವ ಇಟ್ಟುಕೊಂಡಿದ್ದಳು. ಕಂಠ ಚೆನ್ನಾಗಿತ್ತು. ಕೇಳುವಾಗ ಮಾತ್ರ ಯಾವುದು ಜೋರೋ ಅದರ ಬಾಲ ಹಿಡಿದು ಓಡಿಬಿಡುತ್ತಿದ್ದಳು. ಉಳಿದ ಎಳೆಗಳು ಹಿಂದೆಯೇ ಬಿದ್ದಿರುತ್ತಿದ್ದವು.

"ಮನೆಯಲ್ಲಿ ಮಕ್ಕಳ ಜೊತೆ ಕೂತು ಕೇಳೋರು ಯಾರಾದರೂ ಇದ್ದೀರಾ?" ಎಂದು ಮೇಷ್ಟ್ರು ಕೇಳಿದರು.

ಪೋಷಕರೆಲ್ಲ ತಮ್ಮ ತಮ್ಮ ಚಪ್ಪಲಿಯ ಕಡೆ ನೋಡಿದರು. ಕಿವಿಯಪ್ಪ ಎದ್ದು ನಿಂತ.

"ಕಿವಿ ವಿಷಯ ನಮಗೆ ಬಿಡಿ ಸಾರ್. ಇಡೀ ಪೇಟೆಗೆ ಕೇಳೋದು ಕಲಿಸಿದವನು ನಾನು. ಮನೆಮಗಳಿಗೆ ಕಲಿಸೋಕಾಗಲ್ವಾ?"

ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಮಗಳು ಚಾವಣಿಯಲ್ಲಿ ಏನೋ ಹುಡುಕತೊಡಗಿದಳು.

ಮರುದಿನ ಸಂಜೆಯಿಂದಲೇ ಪಾಠ ಶುರು. ಮೇಷ್ಟ್ರು ಅಭ್ಯಾಸಕ್ಕೆಂದು ಕೊಟ್ಟ ತುಣುಕುಗಳನ್ನು ಯಂತ್ರಕ್ಕೆ ಜೋಡಿಸಿ, ಮಗಳನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟ. ತನಗೊಂದು ಸಣ್ಣ ಸ್ಪೀಕರ್ ಇಟ್ಟುಕೊಂಡ. "ಶಬ್ದ ಕೇಳಿದ ಕೂಡಲೇ ಒತ್ತು," ಎಂದ.

ಕೆಂಪು ದೀಪ ಮಿಣಮಿಣ ಮಿಣಮಿಣ ಎಂದು ಹುಚ್ಚು ಹಿಡಿದಂತೆ ಹೊಡೆದುಕೊಂಡಿತು. ಕಿವಿಯಪ್ಪ ಬಾಗಿಲು ತೆಗೆದ.

"ಏನೇ ಇದು, ಒಂದು ಶಬ್ದಕ್ಕೆ ಒಂದು ಸಲ ಒತ್ತಬೇಕು."

"ಎಲ್ಲಾ ಒಟ್ಟಿಗೆ ಬರ್ತಿವೆ ಅಪ್ಪಾ. ಯಾವುದಕ್ಕೆ ಒತ್ತಲಿ?"

"ಮೊದಲು ಬಂದಿದ್ದಕ್ಕೆ ಒತ್ತು. ಉಳಿದವು ಕಾಯಲಿ."

ಕಿವಿಯಪ್ಪನ ಶಿಕ್ಷಣ ಪದ್ಧತಿ ಅದೇ. ಶಬ್ದಗಳೆಂದರೆ ಟಿಕೆಟ್ ಕೌಂಟರಿನ ಮುಂದೆ ನಿಂತ ಜನ. ಒಬ್ಬೊಬ್ಬರಾಗಿ ಬರಬೇಕು, ಹೆಸರು ಹೇಳಬೇಕು, ಹೋಗಬೇಕು. ಒಟ್ಟಿಗೆ ನುಗ್ಗುವುದು ಅಶಿಸ್ತು. ಅವನು ದನಿಯನ್ನು ಇಳಿಸುತ್ತಾ ಇಳಿಸುತ್ತಾ ಇರುವೆ ನಡೆದಷ್ಟು ಸದ್ದಿಗೆ ತಂದು ನಿಲ್ಲಿಸಿದ. ಹುಡುಗಿ ಆ ಮೆತ್ತನೆಯ ನಿಶ್ಶಬ್ದದಲ್ಲಿ ಉಸಿರು ಹಿಡಿದು ಕೂತಳು. ಜೋರು ಎಂಬುದೇ ಇಲ್ಲದ ಮೇಲೆ ಯಾವುದರ ಹಿಂದೆ ಓಡುವುದು? ಓಡದೆ ಕೂತಳು. ಕೂತಲ್ಲಿಗೇ ಒಂದೊಂದು ಎಳೆ ತಾನಾಗಿ ಬರತೊಡಗಿತು.

"ಅಪ್ಪಾ, ಇದು ಜಡೆ! ಗಂಡಸರ ದನಿ ಕೆಳಗಿದೆ, ಮೇಲೆ ಸಣ್ಣ ಕೊಳಲು ಬೇರೆಯೇ ದಾರಿ ಹಿಡಿದಿದೆ."

ಕಿವಿಯಪ್ಪ ಸ್ಪೀಕರಿಗೆ ಕಿವಿ ಕೊಟ್ಟ. ಗಂಡಸರ ದನಿ ಇತ್ತು. ಕೊಳಲಿರಲಿಲ್ಲ.

"ಒಂಟಿ ಎಳೆ ಕಣೇ ಇದು."

"ಕೊಳಲು?"

"ಎಲ್ಲಿದೆ ಕೊಳಲು? ಇದ್ದದ್ದನ್ನ ಕೇಳು ಪುಟ್ಟಿ. ಇಲ್ಲದ್ದನ್ನ ಕೇಳಬೇಡ."

ಮುಂದಿನ ತುಣುಕಿಗೂ ಅದೇ ಜಗಳ. ಅವಳು ಗೆಜ್ಜೆ ಎಂದಳು, ಅವನು ಇಲ್ಲ ಎಂದ. ಅವಳು ಹಿಂದೆ ಪಿಟೀಲಿದೆ ಎಂದಳು, ಅವನು ಮುಂದೆಯೂ ಇಲ್ಲ ಎಂದ. ಕಡೆಗೆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಪೆಟ್ಟಿಗೆಯಲ್ಲಿ ಕೂತಳು. ಅಪ್ಪ ಹೊರಗೆ ತಲೆಯ ಮೇಲೆ ಕೈ ಹೊತ್ತು ಕೂತ. ಇಲ್ಲದ್ದು ಕೇಳುವ ರೋಗಕ್ಕೆ ಅವನ ಅಂಗಡಿಯಲ್ಲಿ ಮೆಷಿನ್ ಇರಲಿಲ್ಲ.

ಸರಿಯಾಗಿ ಆ ಗಳಿಗೆಗೆ ಪಕ್ಕದ ಮನೆಯ ಕಂಡಕ್ಟರ್ ಒಳಗೆ ಬಂದರು. ಬಸ್ಸಿನ ನೌಕರಿಯಿಂದ ನಿವೃತ್ತರಾಗಿದ್ದರು; ದನಿ ನಿವೃತ್ತಿಯಾಗಿರಲಿಲ್ಲ. ಮುಂದಿನ ಬಾಗಿಲಲ್ಲಿ ನಿಂತು ಹಿಂದಿನ ಸೀಟಿನವರನ್ನು ಎಬ್ಬಿಸಿ ಇಳಿಸಿದ ದನಿ ಅದು. ಹೆಂಡತಿಯ ಕಿವಿ ಮೆಷಿನ್ನಿಗೆ ಸೆಲ್ ಬೇಕೆಂದು ಬಂದವರು ಗಾಜಿನೊಳಗೆ ಹುಡುಗಿಯನ್ನು ನೋಡಿದರು, ಹೊರಗೆ ಅಪ್ಪನನ್ನು ನೋಡಿದರು.

"ಏನ್ ಸಾರ್ ಇದು? ಮಗಳನ್ನೇ ಕೂರಿಸಿಬಿಟ್ಟಿದ್ದೀರಿ!"

ತನ್ನ ಪಾಠ ತಲೆಗೆ ಹತ್ತುತ್ತಿಲ್ಲ ಎಂದು ಒಪ್ಪಿಕೊಳ್ಳುವುದುಂಟೇ? "ಸ್ವಲ್ಪ ತೊಂದರೆ ಇದೆ," ಎಂದ ಕಿವಿಯಪ್ಪ. "ಒಂದು ವಾರದಲ್ಲಿ ಸರಿ ಮಾಡ್ತೀನಿ. ಹೊರಗೆಲ್ಲೂ ಹೇಳಬೇಡಿ."

"ಛೆ ಛೆ, ನನ್ನ ಬಾಯಿಂದ ಬರುತ್ತಾ?" ಎಂದರು ಕಂಡಕ್ಟರ್, ಅಂಗಡಿಯ ಕಪಾಟು ಅದುರುವಂತೆ.

ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಹೆಂಡತಿಗೆ ಮಾತ್ರ ಹೇಳಿದರು. ಹೆಂಡತಿಯ ಮೆಷಿನ್ನಿನಲ್ಲಿ ಸೆಲ್ ಮುಗಿದಿದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಯಿತು. ಬೀದಿಯ ಆ ತುದಿಯವರೆಗೆ ಬಿಡಿಸಿ ಹೇಳಿದಂತಾಯಿತು: ಪಾಪ, ಕಿವಿಯಪ್ಪನ ಮಗಳಿಗೇ ಕಿವಿ ಕೇಳಿಸುವುದಿಲ್ಲವಂತೆ!

ಮರುದಿನ ಹಣ್ಣಿನಂಗಡಿಯಾಕೆ ಹುಡುಗಿಗೆ ಬೆಲೆಯನ್ನು ಬೆರಳಲ್ಲಿ ತೋರಿಸಿದಳು. ಬೀಗ ರಿಪೇರಿಯವನು ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು, "ಸ್ಕೂ... ಲಿಗಾ... ಪುಟ್ಟೀ?" ಎಂದು ಕೂಗಿದ. ಎದುರುಮನೆಯ ಅಜ್ಜಿ ತುಟಿಯನ್ನು ಅಗಲವಾಗಿ ಆಡಿಸುತ್ತಾ ಒಂದು ಸುದೀರ್ಘ ಸಮಾಧಾನ ಹೇಳಿದರು, ದನಿಯೇ ಇಲ್ಲದೆ. ಹುಡುಗಿ ಮೊದಲು ನಕ್ಕಳು, ಆಮೇಲೆ ಬೇರೆ ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದಳು.

ಅಂಗಡಿಯಲ್ಲಿ ಮೆಷಿನ್ ಕೊಂಡವರು ಒಬ್ಬೊಬ್ಬರಾಗಿ ವಾಪಸು ತಂದರು. ಮಗಳಿಗೇ ಸರಿಮಾಡಲಾಗದವನು ನಮಗೇನು ಮಾಡಿಯಾನು ಎಂಬ ಲೆಕ್ಕ. ಆದರೆ ಬಾಯಿ ಬಿಟ್ಟು ಹೇಳಲು ಯಾರಿಗೂ ಮನಸ್ಸಿಲ್ಲ. ಮೆಷಿನ್ನನ್ನು ಮೇಜಿನ ಮೇಲಿಟ್ಟು, ಕಿವಿಯಪ್ಪನ ಭುಜ ತಟ್ಟಿ, ಪಿಸುಮಾತಿನಲ್ಲಿ ಎರಡು ಮಾತಾಡಿ ಹೋಗುತ್ತಿದ್ದರು. ಕಷ್ಟದಲ್ಲಿರುವವನ ಮುಂದೆ ದನಿ ಎತ್ತಬಾರದೆಂದು ಊರಿಗೆ ಊರೇ ದನಿ ತಗ್ಗಿಸಿತು. ಹಾಗಾಗಿ ಯಾಕೆ ತಗ್ಗಿಸಿತು ಎಂಬುದೂ ಅವನಿಗೆ ಕೇಳಿಸದೆ ಹೋಯಿತು.

"ಏನಾಗಿದೆ ಇವರಿಗೆಲ್ಲ?" ಎಂದು ಹೆಂಡತಿಯನ್ನು ಕೇಳಿದ.

ಹೆಂಡತಿ ಒಲೆಯ ಕಡೆ ತಿರುಗಿಯೇ ಏನೋ ಹೇಳಿದಳು. "ನೋಡು, ನೀನೂ ಬಾಯೊಳಗೇ ಮಾತಾಡೋಕೆ ಶುರು ಮಾಡಿದೆ," ಎಂದ ಕಿವಿಯಪ್ಪ.

ಸುದ್ದಿ ಪರವೂರಿಗೆ ಹೋಗಿ ಅಲ್ಲಿಂದ ಕಿವಿಯಪ್ಪನ ಅಕ್ಕನನ್ನು ಕರೆದುಕೊಂಡು ಬಂತು. ಅಕ್ಕ ಚೀಲ ಕೆಳಗಿಡುವ ಮೊದಲೇ ಹುಡುಗಿಯನ್ನು ತಬ್ಬಿ, ಅವಳ ಕಿವಿಯೊಳಗೆ ಬಾಯಿಟ್ಟು, "ಅತ್ತೆ ಬಂದಿದ್ದೀನಿ ಕಂದಾ!" ಎಂದು ಕೂಗಿದರು. ಅದುವರೆಗೆ ಸರಿಯಿದ್ದ ಕಿವಿ ಅರ್ಧ ಗಂಟೆ ಗುಂಯ್‌ಗುಟ್ಟಿತು.

"ನಮ್ಮ ಮನೆತನದಲ್ಲಿ ಯಾರಿಗೂ ಇದಿಲ್ಲ ಕಣೋ ತಮ್ಮಾ," ಎಂದರು ಅಕ್ಕ, ತಮ್ಮನ ಹೆಂಡತಿಯ ಕಡೆ ಒಂದು ಕಣ್ಣಿಟ್ಟು. "ಎಲ್ಲಿಂದ ಬಂತೋ ನಾನು ಹೇಳಲ್ಲ."

ಅಡಿಗೆಮನೆಯಲ್ಲಿ ಪಾತ್ರೆಯೊಂದು ಸ್ವಲ್ಪ ಜೋರಾಗಿಯೇ ಕೆಳಗೆ ಕೂತಿತು.

"ಯಾವುದು ಬಂತು?" ಎಂದ ಕಿವಿಯಪ್ಪ. ಉತ್ತರಕ್ಕೆ ಮೊದಲೇ ಮಗಳು ಶಾಲೆಯ ಚೀಲ ಎಸೆದು ಅಳತೊಡಗಿದಳು. ಹೆಡ್ ಮೇಡಂ ಅವತ್ತು ಕೋಣೆಗೆ ಕರೆದು, ತಲೆ ಸವರಿ, ದೊಡ್ಡ ದೊಡ್ಡ ಅಕ್ಷರದಲ್ಲಿ ಕರಿಹಲಗೆಯ ಮೇಲೆ ಬರೆದಿದ್ದರಂತೆ: ನೀನು ಕೇಳುವ ಪರೀಕ್ಷೆಗೆ ಕೂರುವುದು ಬೇಡ, ನಿನಗೆ ವಿನಾಯಿತಿ.

"ಒಳ್ಳೇದೇ ಆಯ್ತಲ್ಲೇ," ಎಂದರು ಅಕ್ಕ.

"ಪರೀಕ್ಷೆ ಇಲ್ಲ ಅಂದ್ರೆ ತಂಡವೂ ಇಲ್ಲ ಅತ್ತೆ! ನನಗೆ ಕಿವಿ ಕೇಳಲ್ಲ ಅಂತ ಊರೆಲ್ಲ ಹೇಳಿದ್ದು ಯಾರು? ನನಗೆ ಎಲ್ಲಾ ಕೇಳುತ್ತೆ!"

ಆಗ ಕಿವಿಯಪ್ಪನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಗಾಬರಿಯಾಗಬೇಕಾದ ಮನುಷ್ಯ, ಆದರೆ ಗಾಬರಿ ಅವನ ಜಾಯಮಾನದಲ್ಲಿರಲಿಲ್ಲ. "ನಡೀರಿ ನಾಳೆ ಶಾಲೆಗೆ," ಎಂದ. "ನನ್ನ ಮಗಳ ಕಿವಿಗೆ ನಾನು ಜಾಮೀನು."

ಬೆಳಿಗ್ಗೆ ಹೆಡ್ ಮೇಡಂ ಕೋಣೆಯೊಳಗೆ ಕಿವಿಯಪ್ಪ, ಹೆಂಡತಿ, ಮಗಳು, ಬೇಡವೆಂದರೂ ಬಂದ ಅಕ್ಕ, ಯಾರೂ ಕರೆಯದೆ ಬಂದ ಕಂಡಕ್ಟರ್. ಮೂಲೆಯಲ್ಲಿ ಸಂಗೀತದ ಮೇಷ್ಟ್ರು, ಮುಖ ಕಿವುಚಿಕೊಂಡು. ಹೆಡ್ ಮೇಡಂ "ಕೂತುಕೊಳ್ಳಿ" ಎಂದರು. ಅದೇ ತಪ್ಪಾಯಿತು, ಎಲ್ಲರೂ ನಿಂತೇ ಶುರು ಮಾಡಿದರು. ಅಕ್ಕ ಮಗುವಿಗೆ ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಕಥೆ ಹಿಡಿದರು. ಕಂಡಕ್ಟರ್ ಅದೇ ಜ್ವರವನ್ನು ತಮ್ಮ ಲೆಕ್ಕದಲ್ಲಿ ಒಂದು ಡಿಗ್ರಿ ಏರಿಸಿ ಹೇಳುತ್ತಾ ಹೋದರು. ಕಿವಿಯಪ್ಪ ತನ್ನ ಅಂಗಡಿಯ ಯಂತ್ರದ ಗುಣಗಾನ ಮಾಡಿದ. ಮೇಡಂ ನಿಯಮ ಹೇಳಿದರು. ಯಾರೂ ಇನ್ನೊಬ್ಬರಿಗಾಗಿ ನಿಲ್ಲಲಿಲ್ಲ. ಹುಡುಗಿ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತಿದ್ದಳು.

ಎಲ್ಲರಿಗೂ ಒಮ್ಮೆಲೇ ಉಸಿರು ಕಟ್ಟಿದಾಗ ಒಂದು ಕ್ಷಣ ಸದ್ದು ನಿಂತಿತು. ಹುಡುಗಿ ತಿರುಗಲಿಲ್ಲ. ಗೋಡೆಗೇ ಹೇಳಿದಳು:

"ಮೊದಲು ಅತ್ತೆ ಒಬ್ಬರೇ ಮಾತಾಡಿದ್ರು. ಅದು ಒಂಟಿ. ಆಮೇಲೆ ಅಮ್ಮ ಹಿಂದಿನಿಂದ 'ಹೂಂ, ಹೂಂ' ಅಂದಳು. ಅದು ಆಸರೆ. ಅದೇ ಜ್ವರದ ಕಥೇನ ಅಂಕಲ್ಲು ಒಂಚೂರು ಹಿಂದೆ, ಒಂಚೂರು ಕೊಂಕಿಸಿ ಹೇಳಿದ್ರು. ಅದು ನೆರಳು. ಕೊನೆಗೆ ಅತ್ತೆ ಜ್ವರ, ಅಪ್ಪ ಅಂಗಡಿ, ಮೇಡಂ ನಿಯಮ, ಮೂರೂ ಒಟ್ಟಿಗೆ. ಅದು ಜಡೆ. ಹೊರಗೆ ಜವಾನ ನಗ್ತಾ ಇದ್ದಾನೆ. ಅಮ್ಮ ಹೂಂ ಹೂಂ ನಡುವೆ ಮೆಲ್ಲಗೆ ಇನ್ನೊಂದೇನೋ ಅಂದಳು, ಅದನ್ನ ಇಲ್ಲಿ ಹೇಳಲ್ಲ."

ಅಮ್ಮ ಸೆರಗು ಸರಿಮಾಡಿಕೊಂಡಳು. ಮೇಡಂ ಬಾಗಿಲು ತೆಗೆದು ನೋಡಿದರೆ ಜವಾನ ನಿಜಕ್ಕೂ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಸಂಗೀತದ ಮೇಷ್ಟ್ರ ಮುಖದ ಸುಕ್ಕು ಮೊದಲ ಸಲ ಬಿಚ್ಚಿಕೊಂಡಿತು.

"ಇದು ಮಾತಾಯ್ತು. ಸಂಗೀತ ನೋಡೋಣ," ಎಂದು ಅವರು ಒಂದು ತುಣುಕು ಹಾಕಿದರು. ಕಿವಿಯಪ್ಪ ತಲೆಯಾಡಿಸುತ್ತಾ ಕೇಳಿದ.

"ಜಡೆ ಸಾರ್," ಎಂದಳು ಮಗಳು. "ಕೆಳಗೆ ಗಂಡಸರ ದನಿ, ಮೇಲೆ ಸಣ್ಣ ಕೊಳಲು."

ಕಿವಿಯಪ್ಪ ಮೇಜು ಗುದ್ದಿದ. "ಇದೇ! ಇದೊಂದು ತಪ್ಪನ್ನೇ ವಾರದಿಂದ ತಿದ್ದುತ್ತಿದ್ದೀನಿ ಸಾರ್. ಪುಟ್ಟಿ, ಒಂಟಿ ಅಂತ ಹೇಳು. ಕೊಳಲೂ ಇಲ್ಲ, ಗಿಳಲೂ ಇಲ್ಲ."

ಮೇಷ್ಟ್ರು ಹುಡುಗಿಯನ್ನು ನೋಡಲಿಲ್ಲ. ಅಪ್ಪನನ್ನೇ ನೋಡಿದರು, ಬಹಳ ಹೊತ್ತು. "ಎಳೆಗಳನ್ನ ಬೇರೆ ಬೇರೆ ಮಾಡಿಯೂ ಇಟ್ಟಿದ್ದೀನಿ," ಎಂದು ಇನ್ನೊಂದನ್ನು ಮೆಲ್ಲಗೆ ಹಾಕಿದರು. ಸಣ್ಣ ಕೊಳಲು ಒಂದೇ, ಹಕ್ಕಿಯ ಗಂಟಲಿನಷ್ಟು ಎತ್ತರದಲ್ಲಿ. ಹೆಡ್ ಮೇಡಂ ತಲೆದೂಗಿದರು. ಅಕ್ಕ ಕಣ್ಣು ಮುಚ್ಚಿದರು. ಕಂಡಕ್ಟರ್ ಕೂಡ ಸುಮ್ಮನಾದರು. ಕಿವಿಯಪ್ಪ ಕೈ ಕಟ್ಟಿ ವಿನಯವಾಗಿ ಕಾದ. ಇನ್ನೂ ಕಾದ. ಕೊನೆಗೆ ಹೇಳಿದ:

"ಹಾಕಿ ಸಾರ್. ಹಾಕಿದ ಮೇಲೆ ತಾನೇ ಹೇಳೋದು?"

ಕೊಳಲು ನುಡಿಯುತ್ತಲೇ ಇತ್ತು.

"ಲೋ ತಮ್ಮಾ," ಎಂದರು ಅಕ್ಕ ನಿಧಾನಕ್ಕೆ.

"ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ಅಲ್ವಾ ಅತ್ತಿಗೆ?" ಎಂದಳು ಕಿವಿಯಪ್ಪನ ಹೆಂಡತಿ. ಈ ಸಲ ಎಲ್ಲರಿಗೂ ಕೇಳುವಂತೆ.

ಅವತ್ತು ಮಧ್ಯಾಹ್ನ ಗಾಜಿನ ಪೆಟ್ಟಿಗೆಯೊಳಗೆ ಕಿವಿಯಪ್ಪ ಕೂತಿದ್ದ; ಯಂತ್ರದ ಮುಂದೆ ಮಗಳು. ಅದರಲ್ಲಿ ಅವನು ಕೂತದ್ದು ಅದೇ ಮೊದಲು. ಬಾಗಿಲು ಹಾಕಿಕೊಂಡಿತು. ಬೀದಿ ನಿಂತುಹೋಯಿತು. ಎಂಥ ಒಳ್ಳೆಯ ಮೌನ ಮಾರುತ್ತಿದ್ದೆನಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು. ಅಷ್ಟರಲ್ಲಿ ಗಾಜಿನಾಚೆ ಮಗಳ ಬೆರಳು ಆಡುವುದು ಕಂಡಿತು. ಆ ಬೆರಳಿನ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆರಳು ಆಡಿತು, ಕಿವಿಯಲ್ಲಿ ಏನೂ ಇಲ್ಲ. ಕಿವಿಯಪ್ಪ ಧೈರ್ಯವಾಗಿ ಗುಂಡಿ ಒತ್ತಿದ. ಬೆರಳು ಆಡಿದಾಗಲೆಲ್ಲ ಒತ್ತಿದ. ದೀಪ ಶಿಸ್ತಾಗಿ ಹತ್ತಿತು. ಮಗಳು ಒಂದು ಕ್ಷಣ ಅವನನ್ನೇ ನೋಡಿ, ಎದ್ದು, ಯಂತ್ರವನ್ನು ಆ ಕಡೆಗೆ ತಿರುಗಿಸಿಟ್ಟು ಅವನಿಗೆ ಬೆನ್ನು ಮಾಡಿ ಕೂತಳು. ಆಮೇಲೆ ತಗ್ಗಿನ ಸ್ವರಕ್ಕೆ ಹತ್ತಿದ ದೀಪ ಎತ್ತರದ ಸ್ವರಕ್ಕೆ ಬಹಳ ಹೊತ್ತು ಹತ್ತಲಿಲ್ಲ.

ಬಾಗಿಲು ತೆಗೆದಾಗ ಕಿವಿಯಪ್ಪನೇ ಮೊದಲು ಮಾತಾಡಿದ. "ತಗ್ಗಿನ ಸ್ವರ ಚೆನ್ನಾಗಿದೆ. ಎತ್ತರದ್ದು ಮಾತ್ರ ಹೋಗಿದೆ. ಸಾಮಾನ್ಯ. ಕಪಾಟಿನ ಮೇಲಿನ ಸಾಲಿನದು ತಾ, ಅದೇ ಸರಿಹೋಗುತ್ತೆ." ಗಿರಾಕಿಗೆ ಹೇಳುವ ದನಿಯಲ್ಲೇ ತನಗೂ ಹೇಳಿಕೊಂಡ. ಎರಡೂ ಕಿವಿಗೆ ತಾನೇ ಕೂರಿಸಿಕೊಂಡ. ಆಮೇಲೆ ಅಂಗಡಿಯ ಹೊಸ್ತಿಲಲ್ಲಿ ನಿಂತು, ಬೀದಿಗೆ ತಾನೇ ಅಪ್ಪಣೆ ಕೊಟ್ಟು ಸದ್ದು ಶುರು ಮಾಡಿಸಿದವನಂತೆ, ಸೊಂಟಕ್ಕೆ ಕೈ ಇಟ್ಟುಕೊಂಡು ಕೇಳಿದ.

"ಸ್ವಂತ ಕಿವಿಗೆ ಹಾಕಿಕೊಂಡು ನೋಡಿಯೇ ಮಾರೋದು ನಾವು," ಎಂದು ಬಂದವರಿಗೆಲ್ಲ ಕಿವಿ ತಿರುಗಿಸಿ ತೋರಿಸಿದ. ವಾಪಸು ತಂದಿಟ್ಟವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮೆಷಿನ್ ಹುಡುಕಿಕೊಂಡು ಹೋದರು. ಕಂಡಕ್ಟರ್ ಅಂಗಡಿಗೆ ಬಂದಾಗ ಮಾತ್ರ ಕಿವಿಯಪ್ಪ ಎರಡು ಹೆಜ್ಜೆ ಹಿಂದೆ ಸರಿಯುವುದು ರೂಢಿಯಾಯಿತು.

ಮಗಳು ಪರೀಕ್ಷೆಗೆ ಕೂತಳು. ಒಂದು ನೆರಳನ್ನು ಆಸರೆ ಎಂದು ಬರೆದದ್ದು ಬಿಟ್ಟರೆ ಎಲ್ಲ ಸರಿ. ಮೇಷ್ಟ್ರು ತಂಡದ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟು, "ಮನೆಯಲ್ಲಿ ಯಾರು ಕೇಳೋದು ಹೇಳಿಕೊಟ್ಟದ್ದು?" ಎಂದರಂತೆ. "ನಮ್ಮಪ್ಪ," ಎಂದಳಂತೆ. ಈ ಮಾತನ್ನು ಕಿವಿಯಪ್ಪ ಅವಳ ಬಾಯಿಂದ ಮತ್ತೆ ಮತ್ತೆ ಹೇಳಿಸಿ ಕೇಳಿದ. ಈಗ ಒಂದೇ ಸಲಕ್ಕೆ ಕೇಳಿಸುತ್ತಿತ್ತು, ಆದರೂ ಹೇಳಿಸಿದ.

ಆ ಸಂಜೆ ಅವನು ಮನೆಗೆ ಬಂದಾಗ ಅಕ್ಕ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಎಲ್ಲಿಂದಲೋ ಸಣ್ಣಗೆ ಹಾಡು ಬರುತ್ತಿತ್ತು.

"ಯಾರೇ ಅದು ಹಾಡ್ತಿರೋದು?" ಎಂದ ಮಗಳನ್ನು.

"ಅಮ್ಮ."

"ಯಾವಾಗಿಂದ?"

"ಯಾವಾಗಲೂ," ಎಂದಳು ಮಗಳು.

ಕಿವಿಯಪ್ಪ ಅಡಿಗೆಮನೆಯ ಬಾಗಿಲಲ್ಲಿ ಹೋಗಿ ನಿಂತ. ಹೆಂಡತಿ ಬೆನ್ನು ಮಾಡಿ ತರಕಾರಿ ಹೆಚ್ಚುತ್ತಿದ್ದಳು. ಚಾಕುವಿನ ಟಕಟಕದ ಮೇಲೆ, ತುಟಿ ತೆರೆಯದೆ, ತೆಳ್ಳಗಿನ ಒಂದು ರಾಗ ಹೋಗುತ್ತಿತ್ತು. ಕಿವಿಯಪ್ಪ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದ.

ನಡುಮನೆಯಿಂದ ಅಕ್ಕ ಕೂಗಿದರು: "ಚಹಾ ಆಯ್ತೇನೇ?"

"ಆಯ್ತು ಅತ್ತಿಗೆ!" ಎಂದಳು ಹೆಂಡತಿ. ಆಮೇಲೆ ರಾಗದ ಅಡಿಯಲ್ಲೇ, ಚಾಕುವಿಗೆ ಹೇಳಿದಷ್ಟು ಮೆಲ್ಲಗೆ: "ಬಂದು ಎಷ್ಟು ದಿನ ಆಯ್ತು, ಹೊರಡೋ ಮಾತೇ ಇಲ್ಲ. ಅಕ್ಕನಿಗೆ ತಕ್ಕ ತಮ್ಮ. ಒಬ್ಬರಿಗೆ ಬಾಯಿ ನಿಲ್ಲಲ್ಲ, ಇನ್ನೊಬ್ಬರಿಗೆ ಕಿವಿ ಇಲ್ಲ." ಮತ್ತೆ ರಾಗ, ಬಿಟ್ಟ ಜಾಗದಿಂದಲೇ.

ಕಿವಿಯಪ್ಪನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಸರಕ್ಕನೆ ತಿರುಗಿದಳು. ಅವನ ಮುಖ ನೋಡಿದಳು, ಆಮೇಲೆ ಅವನ ಕಿವಿ ನೋಡಿದಳು. ಚಾಕು ಕೈಯಲ್ಲೇ ನಿಂತಿತು.

"ಎಷ್ಟು ಹೊತ್ತಾಯ್ತು ರೀ ಬಂದು?"

"ಈಗಷ್ಟೇ."

"ಏನು ಕೇಳಿಸ್ತು?"

ಹಿಂದೆ ಮಗಳು ಬಂದು ನಿಂತಿದ್ದಳು, ಪರೀಕ್ಷೆ ಮಾಡುವ ಮೇಷ್ಟ್ರ ಹಾಗೆ ಕೈ ಕಟ್ಟಿಕೊಂಡು, ಉತ್ತರಕ್ಕೆ ಕಾಯುತ್ತಾ. ಕಿವಿಯಪ್ಪ ಎರಡೂ ಕಿವಿಯ ಮೆಷಿನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಗಂಟಲು ಸರಿಮಾಡಿಕೊಂಡ.

"ಒಂಟಿ ಎಳೆ," ಎಂದ ದೃಢವಾಗಿ. "ಹಾಡು ಮಾತ್ರ."

ಹೆಂಡತಿ ಅವನನ್ನು ಸ್ವಲ್ಪ ಹೊತ್ತು ನೋಡಿ, ತಿರುಗಿ ತರಕಾರಿ ಹೆಚ್ಚತೊಡಗಿದಳು. ರಾಗ ಮತ್ತೆ ಶುರುವಾಯಿತು, ಈ ಸಲ ಒಂಚೂರು ಜೋರಾಗಿ. ಉತ್ತರ ತಪ್ಪೆಂದು ಮಗಳಿಗೆ ಗೊತ್ತಿತ್ತು. ಆದರೂ ಪೂರ್ತಿ ಅಂಕ ಕೊಟ್ಟಳು.